ಹುಲ್ಲಿನ ಗಾಡಿಯ ಎರಡು ಕನ್ನಡಿ

ಅವರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಹದಿಮೂರನೆಯ ದಿನದ ಊಟವೂ ಮುಗಿದಿತ್ತು. ಹಿಂದೆ ನಮ್ಮ ಜೊತೆ ಕೆಲಸ ಮಾಡಿದ್ದ ಮಾಲಿಯೊಬ್ಬರು ಕಾರವಾರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಮಗಳ ಮದುವೆ, ಮೊಣಕಾಲು ನೋವು, ಈ ಸಲದ ಮಳೆ ಎಲ್ಲವನ್ನೂ ಮಾತಾಡಿ ಮುಗಿಸಿ, ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ ಮೇಲೆ ನೆನಪಾದವರಂತೆ, "ಅಂದಂಗೆ ಅಕ್ಕೋರೆ, ನಮ್ಮ ಹುಲ್ಲಿನ ಗಾಡಿ ಡ್ರೈವರ್ರು ಹೋದ್ರಲ್ರಾ. ಗೊತ್ತಾಯ್ತಾ ನಿಮ್ಗೆ?" ಎಂದರು. ಬಸ್ಸು ಹೊರಟಿತು. ನಾನು ಹತ್ತಬೇಕಾಗಿದ್ದ ಬಸ್ಸೂ ಅದರ ಹಿಂದೆಯೇ ಹೋಯಿತು. ಕೈ ಮಾಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವ ಹಕ್ಕು ನನಗಿದೆ ಎಂದು ಅನಿಸುತ್ತಿಲ್ಲ. ನಾವೆಲ್ಲ ಅವರನ್ನು ಡ್ರೈವರ್ರು ಎಂದೇ ಕರೆಯುತ್ತಿದ್ದೆವು. ಅವರು ನನ್ನನ್ನು ಅಕ್ಕೋರೆ ಎನ್ನುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು ರೂಢಿ. ನಾನು ಯಾವ ಶಾಲೆಯಲ್ಲೂ ಕಲಿಸಿದವಳಲ್ಲ, ತೋಟಗಾರಿಕೆಯ ಡಿಪ್ಲೊಮಾ ಮುಗಿಸಿ ಬಂದ ಇಪ್ಪತ್ತನಾಲ್ಕರ ಹುಡುಗಿ. ಆದರೆ ಕೈಯಲ್ಲಿ ರಿಜಿಸ್ಟರ್, ಕಿವಿಯ ಮೇಲೆ ಪೆನ್ನು ಇರುವ ಹೆಂಗಸು ಅವರ ಲೆಕ್ಕದಲ್ಲಿ ಅಕ್ಕೋರೇ. ಅವರು ಕರೆದರು ಎಂದು ಉಳಿದವರೂ ಹಾಗೇ ಕರೆದರು.

ಕಾರವಾರದಿಂದ ದಿನಾ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಒಂದು ದೊಡ್ಡ ವಸತಿ ಕಾಲನಿ ಅದು. ಯಾವುದು ಎಂಬುದು ಬೇಡ. ಸಾಲು ಸಾಲು ಕ್ವಾರ್ಟರ್ಸ್, ನಡುವೆ ಆಟದ ಮೈದಾನ, ಉದ್ದಕ್ಕೂ ಹುಲ್ಲುಹಾಸು. ಅಲ್ಲಿನ ತೋಟದ ವಿಭಾಗದಲ್ಲಿ ನನಗೆ ಮೊದಲ ನೌಕರಿ, ಸಹಾಯಕ ಸೂಪರ್‌ವೈಸರ್ ಎಂದು. ಇನ್ನೂ ಕಾಯಂ ಆಗಿರಲಿಲ್ಲ. ಆ ವಿಭಾಗಕ್ಕೆ ಬಂದ ಮೊದಲ ಹೆಂಗಸು ನಾನೇ. ನಮ್ಮ ಮನೆಮಾತು ಕೊಂಕಣಿ, ನನ್ನ ಕನ್ನಡ ಶಾಲೆಯಲ್ಲಿ ಕಲಿತದ್ದು. "ಅಕ್ಕೋರು ಮಾತಾಡಿದ್ರೆ ಪುಸ್ತಕ ಓದ್ದಂಗೆ ಆಗ್ತದೆ" ಎಂದು ಅವರು ನಗುತ್ತಿದ್ದರು.

ಅವರು ಗುತ್ತಿಗೆಯ ಮೇಲೆ ಬಂದ ಚಾಲಕರು. ಅಂಕೋಲೆಯ ಹತ್ತಿರ ಬೊಬ್ರುವಾಡದ ಕಡೆ ಮನೆ, ಒಕ್ಕಲುತನದ ಕುಟುಂಬ. ಬೆಳಿಗ್ಗೆ ಮೊದಲ ಬಸ್ಸು ಹಿಡಿದು, ಕಾರವಾರದಲ್ಲಿ ಬಸ್ಸು ಬದಲಿಸಿ, ಎಂಟಕ್ಕೆ ಮುಂಚೆ ಶೆಡ್ಡಿನ ಮುಂದೆ ನಿಂತಿರುತ್ತಿದ್ದರು. ಅವರು ಓಡಿಸುತ್ತಿದ್ದುದು ಮೇಲೆ ಕುಳಿತು ಹುಲ್ಲು ಕತ್ತರಿಸುವ ಒಂದು ಸಣ್ಣ ಟ್ರ್ಯಾಕ್ಟರ್. ಹೊಟ್ಟೆಯ ಕೆಳಗೆ ತಿರುಗುವ ಎರಡು ಬ್ಲೇಡು, ಮೇಲೆ ಒಂದೇ ಸೀಟು. ದೂರದಿಂದ ನೋಡಿದರೆ ದೊಡ್ಡ ಮನುಷ್ಯನೊಬ್ಬ ಆಟದ ಸಾಮಾನಿನ ಮೇಲೆ ಕುಳಿತಂತೆ ಕಾಣುತ್ತಿತ್ತು. ಎಲ್ಲರ ಬಾಯಲ್ಲಿ ಅದು ಹುಲ್ಲಿನ ಗಾಡಿ.

ಕೆಲಸಕ್ಕೆ ಸೇರಿದ ಮೊದಲ ದಿನವೇ ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಹಿಂದಿನಿಂದ ಎರಡು ಸಲ ಕರೆದರೂ ಆ ಮನುಷ್ಯ ತಿರುಗಲಿಲ್ಲ. ಮೂರನೆಯ ಸಲ ಕರೆದಾಗ ಮೊದಲು ಪಾದ, ಆಮೇಲೆ ಸೊಂಟ, ಕೊನೆಗೆ ಮುಖ, ಹೀಗೆ ಇಡೀ ಮೈಯನ್ನು ತಿರುಗಿಸಿಕೊಂಡು ನನ್ನೆದುರು ನಿಂತರು.

"ಕರೆದದ್ದು ಕೇಳಿಸಲಿಲ್ಲವಾ?" ಎಂದೆ, ಸಾಧ್ಯವಾದಷ್ಟು ಗಟ್ಟಿಯಾಗಿ.

"ಕೇಳ್ತು ಅಕ್ಕೋರೆ. ತಿರುಗೂಕೆ ಹೊತ್ತಾಗ್ತದೆ ನಂಗೆ. ಕುತ್ತಿಗೆ ಹಿಡ್ಕಂಡದೆ. ಸೊಕ್ಕಲ್ಲ."

ಹರೆಯದಲ್ಲಿ ಉಪ್ಪಿನ ಆಗರದಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತವರು. ಆಮೇಲೆ ಹತ್ತಾರು ವರ್ಷ ಊರವರ ಹಳೆಯ ಟ್ರ್ಯಾಕ್ಟರ್ ಓಡಿಸಿದವರು. ಐವತ್ತು ದಾಟುವ ಹೊತ್ತಿಗೆ ಕುತ್ತಿಗೆ ಎಡಕ್ಕೆ ಒಂದಿಷ್ಟು ತಿರುಗುತ್ತಿತ್ತು, ಬಲಕ್ಕೆ ಅದೂ ಇಲ್ಲ. "ಸೊಕ್ಕಲ್ಲ" ಎಂಬ ಮಾತನ್ನು ಹೊಸಬರಿಗೆಲ್ಲ ಹೇಳುತ್ತಿದ್ದರು, ನಮಸ್ಕಾರ ಹೇಳಿದಷ್ಟು ಸಹಜವಾಗಿ.

ಗಾಡಿ ಚಾಲೂ ಮಾಡುವ ಮೊದಲು ಅದರ ಸುತ್ತ ಒಂದು ಸುತ್ತು ಬರುತ್ತಿದ್ದರು. ಕುತ್ತಿಗೆ ಬಗ್ಗದ ಕಾರಣ ಮಂಡಿಯೂರಿ ನೆಲಕ್ಕೆ ಮುಖವಿಟ್ಟು ಅಡಿಯಲ್ಲಿ ನೋಡುತ್ತಿದ್ದರು. ಕಪ್ಪೆ, ಓತಿ, ಒಮ್ಮೊಮ್ಮೆ ಯಾರೋ ಬಿಟ್ಟುಹೋದ ಚಪ್ಪಲಿ. ಒಂದು ವರ್ಷ ಮೈದಾನದ ಮೂಲೆಯಲ್ಲಿ ಟಿಟ್ಟಿಭ ಹಕ್ಕಿ ಬರಿನೆಲದ ಮೇಲೆ ಮೊಟ್ಟೆಯಿಟ್ಟಿತು. ಅವರು ಅದರ ಸುತ್ತ ನಾಲ್ಕು ಹೆಜ್ಜೆ ಅಗಲದ ಹುಲ್ಲನ್ನು ಹಾಗೇ ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಿದರು. ನೋಡಿದವರಿಗೆ ಅರ್ಧ ಕ್ಷೌರ ಮಾಡಿದ ತಲೆಯಂತೆ ಕಂಡಿರಬೇಕು. ಯಾರೋ ಅಧಿಕಾರಿಯ ಮನೆಯಿಂದ ದೂರು ಬಂತು. ನಾನು ಹೋಗಿ ಕೇಳಿದರೆ, "ಮರಿ ಆದ್ಮೇಲೆ ಕೊಯ್ತೆ ಅಕ್ಕೋರೆ. ಬೇಕಾರೆ ನನ್ ಹೆಸ್ರಲ್ಲೇ ಬರ್ಕಳಿ" ಎಂದರು. ಮರಿಗಳಾಗಿ ಅವು ಓಡಿಹೋದ ಮರುದಿನವೇ ಆ ಮೂಲೆಯನ್ನು ಒಪ್ಪ ಮಾಡಿದರು.

ಇಂಥ ಮನುಷ್ಯನನ್ನು ಮುಂದೆ ಒಂದು ಕಾಗದದಲ್ಲಿ ಅಜಾಗರೂಕ ಎಂದು ಬರೆಯಲಾಯಿತು.

ಕತ್ತರಿಸಿದ ಹುಲ್ಲನ್ನು ಒಯ್ಯಲು ಗೇಟಿನಾಚೆಯ ಕೇರಿಯಿಂದ ಏಳೆಂಟು ಹೆಂಗಸರು ಬರುತ್ತಿದ್ದರು. ಅವರ ಆಕಳುಗಳಿಗೆ ಮೇವಾಗುತ್ತಿತ್ತು, ನಮಗೆ ಗುಡಿಸುವ ಕೆಲಸ ತಪ್ಪುತ್ತಿತ್ತು. ಗಾಡಿ ಮುಂದೆ ಹೋದಂತೆ ಅವರು ಹಿಂದಿನಿಂದ ಬಾಚಿಕೊಂಡು ಬುಟ್ಟಿಗೆ ತುಂಬುತ್ತಿದ್ದರು. ಅವರಲ್ಲಿ ಗಂಗಕ್ಕ ಎಂಬಾಕೆ ಎಲ್ಲರಿಗಿಂತ ಚುರುಕು. ಮನೆಯಲ್ಲಿ ಎರಡು ಆಕಳು, ಬೇಸಾಯದ ದಿನಗಳಲ್ಲಿ ನಾಟಿ ಕೆಲಸ. ಗಾಡಿಯ ಬೆನ್ನಿಗೇ ಅಂಟಿಕೊಂಡಂತೆ ನಡೆಯುತ್ತಿದ್ದಳು. ಹಸಿ ಹುಲ್ಲು ಬೇರೆಯವರ ಕೈಗೆ ಹೋಗಬಾರದು ಎಂಬ ಆತುರ.

ಡ್ರೈವರ್ರಿಗೆ ಅದೇ ಚಿಂತೆ. ಗಾಡಿಯ ಸದ್ದಿನಲ್ಲಿ ಯಾರ ಕೂಗೂ ಕೇಳಿಸುವುದಿಲ್ಲ. ಹಿಂದೆ ನೋಡಬೇಕೆಂದರೆ ಗಾಡಿ ನಿಲ್ಲಿಸಿ, ಸೀಟಿನ ಮೇಲೆ ಪೂರ್ತಿ ತಿರುಗಬೇಕು. ಮರದ ಬುಡ, ಚರಂಡಿಯ ಅಂಚು, ಬೆಂಚು, ಹೀಗೆ ದಿನಕ್ಕೆ ಐವತ್ತು ಸಲ ರಿವರ್ಸ್ ತೆಗೆಯಬೇಕು. ರಸ್ತೆಗೆ ಇಳಿಯುವ ಗಾಡಿಯಲ್ಲವಾದ್ದರಿಂದ ಕಂಪನಿಯವರು ಅದಕ್ಕೆ ಕನ್ನಡಿ ಕೊಟ್ಟಿರಲಿಲ್ಲ. ಒಂದು ದಿನ ನನ್ನ ಮೇಜಿನ ಮುಂದೆ ಬಂದು ನಿಂತರು.

"ಅಕ್ಕೋರೆ, ಗಾಡಿಗೆ ಎರಡು ಕನ್ನಡಿ ಹಚ್ತೆ."

"ಹುಲ್ಲು ಕತ್ತರಿಸೋ ಗಾಡಿಗೆ ಕನ್ನಡಿ ಯಾಕೆ? ಮುಂದೆ ನೋಡಿಕೊಂಡು ಓಡಿಸಿದರೆ ಆಯ್ತಲ್ಲ."

"ಮುಂದೆ ಹುಲ್ಲು ಇರ್ತದೆ ಅಕ್ಕೋರೆ. ಜನ ಇರೂದು ಹಿಂದೆ."

ನಾನು ನಕ್ಕು ಸುಮ್ಮನಾದೆ. ಅದನ್ನೇ ಒಪ್ಪಿಗೆ ಎಂದುಕೊಂಡರು.

ಗುಜರಿಗೆ ಹೋದ ಸ್ಕೂಟರಿನ ಒಂದು ದುಂಡು ಕನ್ನಡಿ, ಆಟೋರಿಕ್ಷಾದ ಒಂದು ಚೌಕ ಕನ್ನಡಿ ಎಲ್ಲಿಂದಲೋ ತಂದರು. ಮೊದಲು ಬಾನೆಟ್ಟಿನ ಎರಡು ಬದಿಗೆ ಕಬ್ಬಿಣದ ಸರಳಿನಲ್ಲಿ ನಿಲ್ಲಿಸಿದರು. ಎಂಜಿನ್ ಚಾಲೂ ಆದೊಡನೆ ಕನ್ನಡಿ ಗಡಗಡ ನಡುಗಿ ಏನೂ ಕಾಣದು. "ಒಬ್ಳು ಗಂಗೆ ಮೂರು ಗಂಗೆ ಕಾಣ್ತದೆ" ಎಂದು ಬಿಚ್ಚಿದರು. ಊಟದ ಬಿಡುವಿನಲ್ಲಿ ನಾಲ್ಕಾರು ದಿನ ಅದೇ ಕೆಲಸ. ಕೊನೆಗೆ ಸ್ಟೇರಿಂಗಿನ ಕೆಳಗಿನ ಗಟ್ಟಿ ಚೌಕಟ್ಟಿಗೆ ಕ್ಲಾಂಪ್ ಹಾಕಿ, ಕ್ಲಾಂಪಿನ ಒಳಗೆ ಸೈಕಲ್ ಟ್ಯೂಬನ್ನು ಕತ್ತರಿಸಿ ಎರಡು ಸುತ್ತು ಸುತ್ತಿದರು. ರಬ್ಬರು ನಡುಕವನ್ನೆಲ್ಲ ಕುಡಿದುಬಿಟ್ಟಿತು. ಆ ದಿನ ನನ್ನನ್ನು ಕರೆದು ಸೀಟಿನ ಮೇಲೆ ಕೂರಿಸಿ ತೋರಿಸಿದರು. ಒಂದರಲ್ಲಿ ಬೇವಿನ ಮರ, ಒಂದರಲ್ಲಿ ಹೆಂಗಸರು.

"ಈ ಚೌಕದ್ದು ಉಬ್ಬುಗನ್ನಡಿ. ಇದ್ರಲ್ಲಿ ಜನ ದೂರ ಕಾಣ್ತ್ರು, ಆದ್ರೆ ಹತ್ರ ಇರ್ತ್ರು. ಅದನ್ನ ನೆನ್ಪಿಡ್ಬೇಕು" ಎಂದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮತ್ತೆ ನೋಡಲಿಲ್ಲ.

ಕಾಲನಿಯಲ್ಲಿ ಅದೊಂದು ತಮಾಷೆಯಾಯಿತು. ಹುಲ್ಲಿನ ಗಾಡಿಗೆ ಕಿವಿ ಬಂದಿದೆ ಎಂದರು. ಗಾಡಿ ನಿಂತಾಗ ಮಾಲಿಗಳು ಅದರಲ್ಲಿ ತಲೆ ಬಾಚಿಕೊಂಡರು, ಗಂಗಕ್ಕ ಕುಂಕುಮ ಸರಿಮಾಡಿಕೊಂಡಳು. ಆ ಒಂದು ಮಳೆಗಾಲ, ಒಂದು ಬೇಸಿಗೆ ಗಾಡಿ ಕನ್ನಡಿಗಳೊಂದಿಗೇ ಓಡಾಡಿತು. ಅವರು ರಿವರ್ಸ್ ತೆಗೆಯುವಾಗ ಬ್ಲೇಡನ್ನು ನಿಲ್ಲಿಸಿ, ಮೇಲೆತ್ತಿ, ಎರಡೂ ಕನ್ನಡಿಗಳನ್ನು ನೋಡಿ, ಆಮೇಲೆ ಹಿಂದೆ ಬರುತ್ತಿದ್ದರು. ಹೆಂಗಸರಿಗೂ ಅಭ್ಯಾಸವಾಗಿಬಿಟ್ಟಿತು. ಡ್ರೈವರ್ರು ನಮ್ಮನ್ನು ನೋಡುತ್ತಿರುತ್ತಾರೆ ಎಂದುಕೊಂಡು ಅವರು ಗಾಡಿಯನ್ನು ನೋಡುವುದನ್ನೇ ಬಿಟ್ಟರು.

ನಾನು ಮಾಡಿದ್ದನ್ನು ಈಗ ಹೇಳಬೇಕು.

ಮೇಲಧಿಕಾರಿಗಳ ತಪಾಸಣೆ ಬರುವುದಿತ್ತು. ಅದರ ಹಿಂದಿನ ವಾರ ನಮ್ಮ ಎಸ್ಟೇಟ್ ಆಫೀಸಿನ ಹಿರಿಯರೊಬ್ಬರು ಸುತ್ತು ಹಾಕಲು ಬಂದರು. ಗಾಡಿಯನ್ನು ನೋಡಿ ನಿಂತು, ಜೊತೆಯಲ್ಲಿದ್ದವರ ಮುಂದೆ ನನ್ನನ್ನು ಕೇಳಿದರು: "ಏನಮ್ಮಾ, ಹುಲ್ಲು ಕತ್ತರಿಸ್ತೀರೋ, ಪ್ಯಾಸೆಂಜರ್ ಹತ್ತಿಸ್ತೀರೋ?" ಎಲ್ಲರೂ ನಕ್ಕರು. ಅಷ್ಟೇ. ತೆಗೆಯಿರಿ ಎಂದು ಅವರು ಹೇಳಲಿಲ್ಲ, ಯಾರೂ ಹೇಳಲಿಲ್ಲ. ಆದರೆ ನನ್ನ ಕಿವಿ ಬಿಸಿಯಾಯಿತು. ನೌಕರಿ ಕಾಯಂ ಆಗುವ ಕಾಗದ ಅವರದೇ ಮೇಜಿನ ಮೇಲಿತ್ತು. ಹೆಣ್ಣುಹುಡುಗಿಯ ಕೈಗೆ ವಿಭಾಗ ಕೊಟ್ಟರೆ ಹೀಗೇ ಎಂದು ಅಂದುಕೊಂಡರೇನೋ ಎಂದು ನಾನೇ ಅಂದುಕೊಂಡೆ. ಅವರು ಅತ್ತ ಹೋದೊಡನೆ ಡ್ರೈವರ್ರನ್ನು ಕರೆದೆ.

"ಕನ್ನಡಿ ಬಿಚ್ಚಿ. ಗಾಡಿ ಕಂಪನಿಯಿಂದ ಬಂದ ಹಾಗೇ ಇರಬೇಕು."

"ತಪಾಸಣೆ ಮುಗಿಯೂವರೆಗೆ ಅಲ್ದಾ? ಆಮೇಲೆ ಹಚ್ತೆ."

"ಆಮೇಲೆ ನೋಡೋಣ."

ಬಿಚ್ಚಿ ತಂದು ಕೊಟ್ಟರು. ಹಳೆಯ ಪತ್ರಿಕೆಯಲ್ಲಿ ಸುತ್ತಿ ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ತಪಾಸಣೆ ಬಂತು, ಮುಗಿಯಿತು, ಗಾಡಿಯನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಮರುದಿನ ಅವರು ಕೇಳಿದರು. ಲಿಖಿತ ಅನುಮತಿ ತೆಗೆದುಕೊಂಡು ಕೊಡುತ್ತೇನೆ ಎಂದೆ. ವಾರದ ಮೇಲೆ ಮತ್ತೆ ಕೇಳಿದರು. ಪತ್ರ ಬರೆಯುತ್ತಿದ್ದೇನೆ ಎಂದೆ. ನಿಜವಾಗಿ ನಾಲ್ಕು ಸಾಲು ಬರೆದಿದ್ದೆ. ಓದಿ ನೋಡಿದಾಗ ಮತ್ತೆ ಆ ನಗು ಕೇಳಿಸಿದಂತಾಗಿ ಮಡಚಿಟ್ಟೆ. ಮೂರನೆಯ ಸಲ ಬಂದಾಗ ನಾನು ಫೋನಿನಲ್ಲಿದ್ದೆ. ಬಾಗಿಲಲ್ಲಿ ನಿಂತು ನೋಡಿ ಹೋದರು.

ಮಳೆ ಬಿಟ್ಟು ಹುಲ್ಲು ಸೊಂಪಾಗಿ ಎದ್ದ ದಿನಗಳು. ಬೆಳಿಗ್ಗೆ ಹತ್ತರ ಸುಮಾರಿಗೆ ಮೈದಾನದಿಂದ ಕಿರುಚಾಟ ಕೇಳಿ ಓಡಿದೆ. ಚರಂಡಿಯ ಅಂಚಿನಲ್ಲಿ ಗಾಡಿ ಹಿಂದೆ ಬರುವಾಗ, ಬೆನ್ನು ಮಾಡಿ ಬಗ್ಗಿ ಹುಲ್ಲು ಬಾಚುತ್ತಿದ್ದ ಗಂಗಕ್ಕನ ಬಲಗಾಲ ಮೇಲೆ ಚಕ್ರ ಹತ್ತಿತ್ತು. ಬ್ಲೇಡ್ ನಿಲ್ಲಿಸಿದ್ದರಿಂದ ಜೀವ ಉಳಿಯಿತು. ಪಾದ ಮಾತ್ರ ಇರಬೇಕಾದ ಕಡೆ ಇರಲಿಲ್ಲ. ಡ್ರೈವರ್ರು ಅವಳನ್ನು ತಾವೇ ಎತ್ತಿಕೊಂಡು ಆಫೀಸಿನ ಪಿಕಪ್ ಗಾಡಿಯವರೆಗೆ ಬಂದರು. "ನೋಡ್ದೆ ತಂಗಿ, ಕಾಣ್ಲಿಲ್ಲ. ನೋಡ್ದೆ, ಕಾಣ್ಲಿಲ್ಲ" ಎಂದು ದಾರಿಯುದ್ದಕ್ಕೂ ಅದನ್ನೇ ಹೇಳಿದರು. ನಾನು ಮುಂದಿನ ಸೀಟಿನಲ್ಲಿ ಕುಳಿತಿದ್ದೆ. ಹಿಂದೆ ತಿರುಗುವ ಧೈರ್ಯ ನನಗಿರಲಿಲ್ಲ.

ಕಾರವಾರದ ಆಸ್ಪತ್ರೆಯಲ್ಲಿ ಗಂಗಕ್ಕ ಒಂದೂವರೆ ತಿಂಗಳು ಇದ್ದಳು. ಕಾಲು ಉಳಿಯಿತು, ಸೊಟ್ಟಗೆ. ಗದ್ದೆಯ ಕೆಸರಿನಲ್ಲಿ ನಿಲ್ಲುವುದು ಅಲ್ಲಿಗೆ ಮುಗಿಯಿತು. ಹುಲ್ಲಿಗೆ ಬರುವ ಹೆಂಗಸರನ್ನೆಲ್ಲ ಗೇಟಿನಲ್ಲೇ ತಡೆದರು.

ವಿಚಾರಣೆ ಒಂದು ಮಧ್ಯಾಹ್ನದ ಕೆಲಸ. ಮೇಜಿನ ಆಚೆ ಮೂವರು, ಈಚೆ ಅವರು, ಬದಿಯ ಕುರ್ಚಿಯಲ್ಲಿ ನಾನು.

"ಹಿಂದೆ ನೋಡಿದ್ದಿರಾ?"

"ನೋಡ್ದೆ. ಕಾಣ್ಲಿಲ್ಲ."

"ಗಾಡಿಯಲ್ಲಿ ಏನಾದರೂ ಕೊರತೆ ಇತ್ತಾ?"

ಅವರು ಕುರ್ಚಿಯಲ್ಲಿ ಇಡೀ ಮೈ ತಿರುಗಿಸಿ ನನ್ನ ಕಡೆ ನೋಡಿದರು. ಅವರ ಕುತ್ತಿಗೆ ಅಂಥದ್ದು, ಕದ್ದು ನೋಡುವುದು ಸಾಧ್ಯವೇ ಇರಲಿಲ್ಲ. ಅಲ್ಲಿದ್ದವರಿಗೆಲ್ಲ ಕಂಡಿತು. ಒಬ್ಬರು ನನ್ನನ್ನೇ ಕೇಳಿದರು: "ನೀವು ಹೇಳಿ. ಗಾಡಿ ಸರಿ ಇತ್ತಾ?"

"ಕಂಪನಿಯಿಂದ ಬಂದ ಹಾಗೇ ಇತ್ತು ಸರ್" ಎಂದೆ.

ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅದನ್ನು ಹೇಳಿದ ಮೇಲೆ ನನಗೆ ಒಂದು ಕ್ಷಣ ಜಾಣತನದ ಸಮಾಧಾನವೂ ಆಯಿತು ಎಂಬುದನ್ನು ಮುಚ್ಚಿಡಲಾರೆ. ಡ್ರೈವರ್ರು ಮತ್ತೆ ಮೇಜಿನ ಕಡೆ ತಿರುಗಿ, "ಗಾಡಿದ್ದು ಎಂತದೂ ಇಲ್ಲ. ನಂದೇ ತಪ್ಪು" ಎಂದರು. ಯಾಕೆ ಹಾಗೆಂದರು? ನನ್ನನ್ನು ಉಳಿಸಲಿಕ್ಕೋ, ಅಥವಾ ಕನ್ನಡಿಯಿಲ್ಲದೆ ಗಾಡಿ ಹತ್ತಬಾರದಾಗಿತ್ತು ಎಂದು ನಿಜವಾಗಿಯೂ ನಂಬಿದ್ದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಅವರನ್ನು ಗಾಡಿಯಿಂದ ಇಳಿಸಿ ಕಳೆ ಕೀಳಲು ಹಾಕಿದರು. ಎರಡು ತಿಂಗಳು ಬಂದರು. ಕೆಲಸ ಬಿಡುವ ದಿನ ನನ್ನ ಮೇಜಿಗೆ ಬಂದು, "ಕನ್ನಡಿ ನನ್ನವು ಅಕ್ಕೋರೆ, ಕೊಡಿ" ಎಂದರು. ಕಪಾಟು ತೆಗೆದು ಕೊಟ್ಟೆ. ಪತ್ರಿಕೆ ಬಿಚ್ಚಿ ನೋಡಲಿಲ್ಲ, ಹಾಗೇ ಚೀಲಕ್ಕೆ ಹಾಕಿಕೊಂಡರು. ನಾನು ಏನೋ ತೊದಲಿದೆ. ಅವರು ಕೈಯೆತ್ತಿ ತಡೆದರು.

"ಆದದ್ದು ಆತು. ಒಂದೇ ಒಂದು ಕೆಲಸ ಮಾಡ್ಕೊಡಿ. ನೋಡ್ದೇ ಹತ್ತಿಸ್ದ, ಹೆಂಗಸ್ರು ಅಂದ್ರೆ ಲೆಕ್ಕಕ್ಕಿಲ್ಲ ಅವಂಗೆ ಅಂತ ಗಂಗೆ ತಿಳ್ಕಂಡಿದಾಳೆ. ಕನ್ನಡಿ ಯಾಕೆ ಇರ್ಲಿಲ್ಲ ಅಂತ ಅವ್ಳಿಗೆ ಒಂದು ಮಾತು ಹೇಳಿ. ನಾ ಹೇಳಿದ್ರೆ ಅದು ನೆವ ಆಗ್ತದೆ. ನೀವು ಹೇಳಿದ್ರೆ ನಂಬ್ತಾಳೆ."

"ಹೇಳ್ತೇನೆ" ಎಂದೆ.

ಹೇಳಲಿಲ್ಲ. ನೌಕರಿ ಕಾಯಂ ಆಗಲಿ ಎಂದು ಮೊದಲು ಕಾದೆ. ಕಾಯಂ ಆಯಿತು. ಆಮೇಲೆ ಮದುವೆ, ಆಮೇಲೆ ಕಾರವಾರದ ಬೇರೆ ಕಚೇರಿಯಲ್ಲಿ ಕೆಲಸ. ಒಂದು ವರ್ಷ ಕಳೆದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು ಎಂಬ ಹೊಸ ಭಯ ಸೇರಿತು. ಐದು ವರ್ಷವಾದ ಮೇಲೆ, ಈಗ ಹೇಳಿ ಯಾರಿಗೇನು ಪ್ರಯೋಜನ ಎಂಬ ದೊಡ್ಡತನದ ಮಾತು ಸಿಕ್ಕಿತು. ಹೀಗೆ ಹದಿನಾರು ವರ್ಷ.

ಈ ನಡುವೆ ಅವರು ಊರಿನಲ್ಲೇ ಪವರ್ ಟಿಲ್ಲರ್, ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿದ್ದರು. ಅಂಕೋಲೆಯ ಕಡೆ ಹೋದಾಗ ಗದ್ದೆಯ ದಾರಿಯಲ್ಲಿ ಒಂದು ಪವರ್ ಟಿಲ್ಲರ್ ನೋಡಿದೆ. ಹ್ಯಾಂಡಲ್ಲಿಗೆ ಎರಡು ಕನ್ನಡಿ, ಕ್ಲಾಂಪಿನ ಒಳಗಿಂದ ಸೈಕಲ್ ಟ್ಯೂಬಿನ ತುದಿ ಇಣುಕುತ್ತಿತ್ತು. ಆಟೋ ನಿಲ್ಲಿಸಿ ಓಡಿಸುತ್ತಿದ್ದವನನ್ನು ಕೇಳಿದೆ. "ನಮ್ಮೂರ್ ಮಿಸ್ತ್ರಿ ಹಚ್ಚಿದ್ದು. ಬ್ಯಾಡ ಅಂದ್ರೂ ಕೇಳೂದಿಲ್ಲ ಅವ್ರು. ರಿಪೇರಿಗೆ ಬಿಟ್ರೆ ಕನ್ನಡಿ ಹಚ್ಚೇ ವಾಪಸ್ ಕೊಡೂದು" ಎಂದು ನಕ್ಕ. ಒಂದು ಊರಿನ ಗದ್ದೆಗಳಲ್ಲೆಲ್ಲ ಕನ್ನಡಿಯಿಟ್ಟ ಟಿಲ್ಲರುಗಳು ಓಡಾಡುತ್ತಿದ್ದವು.

ಗಂಗಕ್ಕ ಕಾರವಾರದ ಭಾನುವಾರದ ಸಂತೆಯಲ್ಲಿ ಸೊಪ್ಪು, ಬದನೆ, ಸೌತೆ ಮಾರಲು ಕೂರುತ್ತಿದ್ದಳು. ನಾನು ಆ ಸಾಲಿಗೆ ಹೋಗುತ್ತಿರಲಿಲ್ಲ. ಒಂದು ಸಲ ಮಾತ್ರ ಜನರ ನಡುವೆ ತಳ್ಳಿಸಿಕೊಂಡು ಅಲ್ಲಿಗೇ ಬಂದುಬಿಟ್ಟೆ, ಬಂದು ಕಂಬದ ಮರೆಯಲ್ಲಿ ನಿಂತೆ. ಡ್ರೈವರ್ರು ಕೈಚೀಲ ಹಿಡಿದು ಅವಳ ಮುಂದೆ ನಿಂತಿದ್ದರು. "ಗಂಗೆ, ಕಾಲು ಹೆಂಗಿದೆ?" ಎಂದರು. ಅವಳು ಮುಖವೆತ್ತಲಿಲ್ಲ. ಬದಿಯಲ್ಲಿದ್ದ ಗೋಣಿಚೀಲವನ್ನು ಎಳೆದು ಸೊಪ್ಪಿನ ಮೇಲೆ ಮುಚ್ಚಿದಳು. "ನಿಂಗೆ ಇಲ್ಲ" ಎಂದಳು. ಅವರು ಪಕ್ಕದವಳ ಹತ್ತಿರ ಎರಡು ಕಟ್ಟು ಹರಿವೆ ತೆಗೆದುಕೊಂಡು ಹೊರಟರು.

ದಾಟುವಾಗ ನನ್ನನ್ನು ನೋಡಿದರು. ನಾನು ಕೊಟ್ಟ ಮಾತನ್ನು ಕೇಳುತ್ತಾರೆ ಎಂದುಕೊಂಡೆ. "ಅಕ್ಕೋರೆ, ಆರಾಮಾ? ಮಗಳು ಶಾಲಿಗೆ ಹೋಗ್ತಾಳಾ?" ಎಂದರು. ಹೋಗುತ್ತಾಳೆ ಎಂದೆ. "ಚಲೋ ಆತು" ಎಂದು ನಡೆದರು. ಅವರು ಬೈದಿದ್ದರೆ ನಾನು ಆ ದಿನವೇ ಗಂಗಕ್ಕನ ಮುಂದೆ ಕೂರುತ್ತಿದ್ದೆನೇನೋ. ಅವರಿಗೆ ಬೈಯಲು ಬರುತ್ತಿರಲಿಲ್ಲ.

ಮಾಲಿ ಸುದ್ದಿ ಹೇಳಿದ ಎರಡು ದಿನಕ್ಕೆ ರಜೆ ಹಾಕಿ ಅವರ ಮನೆ ಹುಡುಕಿಕೊಂಡು ಹೋದೆ. ಹೆಂಚಿನ ಮನೆ, ಅಂಗಳದಲ್ಲಿ ಬಿಚ್ಚಿಟ್ಟ ಒಂದು ಟಿಲ್ಲರಿನ ಎಂಜಿನ್. ಅವರ ಹೆಂಡತಿ ಬಾಗಿಲಲ್ಲೇ ಕುಳಿತಿದ್ದರು. ನಾನು ಯಾರೆಂದು ಹೇಳುವ ಮೊದಲೇ, "ನೀವು ಕಾಲನಿ ಅಕ್ಕೋರಾ?" ಎಂದರು.

ಹೌದು ಎಂದೆ. ಒಳಗೆ ಕರೆದು ಚಾಪೆ ಹಾಸಿ ಚಾ ಕೊಟ್ಟರು. ಎರಡು ದಿನದ ಜ್ವರ, ಅಂಕೋಲೆಯ ಆಸ್ಪತ್ರೆ, ಅಲ್ಲಿಂದ ಕಾರವಾರಕ್ಕೆ ಒಯ್ಯುವಾಗ ದಾರಿಯಲ್ಲೇ ಹೋದರಂತೆ. ಹೇಳುತ್ತ ಅಳಲಿಲ್ಲ. ಅತ್ತು ಮುಗಿದಿತ್ತೇನೋ.

"ಹೋಗೂ ಮುಂಚಿನ ಐತವಾರನೂ ಸಂತಿಗೆ ಹೋಗಿ ಬಂದಿದ್ರು. ಇಲ್ಲಿಂದ ಅಷ್ಟು ದೂರ ಎಂತಕ್ಕೆ ಹೋಗ್ತ್ರಿ, ಅವ್ಳು ಮಾತಾಡೂದಿಲ್ಲ, ಸೊಪ್ಪು ಕೊಡೂದಿಲ್ಲ ಅಂತ ನಾ ಬೈತಿದ್ದೆ. ಅಕ್ಕೋರು ಒಂದಿನ ಹೇಳ್ತ್ರು, ಆಗ ಅವ್ಳು ಮಾತಾಡ್ತಾಳೆ, ನಾ ಅಲ್ಲಿ ಇಲ್ಲದಿದ್ರೆ ಹೆಂಗೆ ಅಂತಿದ್ರು." ಅವರು ನನ್ನ ಮುಖ ನೋಡಿದರು. ಆ ದನಿಯಲ್ಲಿ ಕುಹಕ ಇರಲಿಲ್ಲ. "ನಿಮ್ಗೆ ಪುರ್ಸೊತ್ತಾಗ್ಲಿಲ್ಲ ಕಾಣ್ತದೆ" ಎಂದರು.

ಚಾ ಲೋಟವನ್ನು ಕೆಳಗಿಟ್ಟೆ. ಪುರುಸೊತ್ತಿತ್ತು, ಧೈರ್ಯವಿರಲಿಲ್ಲ ಎಂದು ಹೇಳಿದೆ. ಕನ್ನಡಿ ಬಿಚ್ಚಿಸಿದ್ದು, ಯಾರೂ ಹೇಳದೆ ನಾನಾಗಿ ಬಿಚ್ಚಿಸಿದ್ದು, ವಿಚಾರಣೆಯಲ್ಲಿ ಆಡಿದ ಮಾತು, ಎಲ್ಲ ಹೇಳಿದೆ. ಅವರು ಕೇಳಿ, ಖಾಲಿಯಾಗದ ಲೋಟವನ್ನು ನನ್ನ ಮುಂದಿನಿಂದ ತೆಗೆದರು. "ಇದು ನಂಗೆ ಹೇಳೂದಲ್ಲ" ಎಂದಷ್ಟೇ ಅಂದರು.

ಮುಂದಿನ ಭಾನುವಾರ ಸಂತೆಗೆ ಹೋದೆ. ಗಂಗಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಲಗಾಲನ್ನು ಮಡಚಲಾಗದೆ ಮುಂದಕ್ಕೆ ಚಾಚಿಕೊಂಡು ಕುಳಿತಿದ್ದಳು. ನನ್ನ ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳ ಮುಂದೆ ನೆಲದ ಮೇಲೆ ಕುಳಿತು, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ನಡುವೆ ಗಿರಾಕಿಗಳು ಬಂದರು. ಅವಳು ಅವರಿಗೆ ಸೊಪ್ಪು ಕೊಡುತ್ತಲೇ ಕೇಳಿದಳು. ನಾನು ತಡೆದು ತಡೆದು ಮುಂದುವರಿಸಿದೆ.

ಮುಗಿದ ಮೇಲೆ ಅವಳು ಕೇಳಿದ್ದು ಒಂದೇ ಮಾತು.

"ಅಂವ ಎಲ್ಲಿದಾನೆ? ಮೂರ್ ವಾರ ಆತು ಬರ್ದೇ."

ತೀರಿಕೊಂಡದ್ದು ಅವಳಿಗೆ ಗೊತ್ತಿರಲಿಲ್ಲ. ಅದನ್ನೂ ನಾನೇ ಹೇಳಬೇಕಾಯಿತು.

ಅವಳು ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟಳು. "ಸಾಕಾಗಿ ಬಿಟ್ಟ ಅಂದ್ಕಂಡಿದ್ದೆ" ಎಂದಳು. "ಹೋದ ವಾರನೂ ದಾರಿ ನೋಡ್ದೆ."

ಆಮೇಲೆ ಪಕ್ಕದವಳಿಗೆ, "ಇದ್ನ ಸ್ವಲ್ಪ ನೋಡ್ಕ" ಎಂದು ಹೇಳಿ, ಎರಡೂ ಕೈ ನೆಲಕ್ಕೆ ಊರಿ ಎದ್ದಳು. ಎಬ್ಬಿಸಲು ಹೋದ ನನ್ನ ಕೈಯನ್ನು ಹಿಡಿಯಲಿಲ್ಲ.

"ಅವ್ರ ಮನಿಗೆ ಎಲ್ಲಿ ಇಳೂದು?"

ಅಂಕೋಲೆಯಲ್ಲಿ ಇಳಿದು ಬೊಬ್ರುವಾಡದ ದಾರಿ ಕೇಳಬೇಕು, ಮಿಸ್ತ್ರಿಯ ಮನೆಯೆಂದರೆ ಯಾರಾದರೂ ತೋರಿಸುತ್ತಾರೆ ಎಂದೆ. ನಾನೂ ಬರುತ್ತೇನೆ ಎಂದೆ.

"ಬ್ಯಾಡ" ಎಂದಳು. "ನೀವು ಹೇಳೂದು ಹೇಳಿ ಆತಲ್ಲ. ನಂದು ಯಾರಿಗೆ ಹೇಳ್ಲಿ?"

ಬಸ್ ಸ್ಟ್ಯಾಂಡಿನ ಕಡೆ ಕುಂಟುತ್ತ ಹೊರಟಳು. ಅಂಕೋಲೆಯ ಬಸ್ಸು ನಿಂತಿತ್ತು. ಮೆಟ್ಟಿಲು ಎತ್ತರ, ಬಲಗಾಲು ಏರಲಿಲ್ಲ. ಕಂಡಕ್ಟರ್ ಕೆಳಗಿಳಿದು ಬಂದು ಅವಳ ರಟ್ಟೆ ಹಿಡಿದು ಹತ್ತಿಸಿದ.